ಬೀಗರ ಮುಂದೆ ಬ್ಲೂ-ರೇ

ಕತ್ರಿಗುಪ್ಪೆಯ ನಮ್ಮ ಅಡ್ಡರಸ್ತೆಯಲ್ಲಿ ಪರಮಶಿವಯ್ಯನವರ ಬಾಯಿಂದ "ನನಗೆ ಗೊತ್ತಿಲ್ಲ" ಎಂಬ ಮಾತು ಬಂದದ್ದನ್ನು ಕೇಳಿದವರು ಯಾರೂ ಇಲ್ಲ. ದಾರಿ ಕೇಳಿದವರಿಗೆಲ್ಲ ಅವರು ದಾರಿ ಹೇಳುತ್ತಾರೆ. ಬಲಗೈಯ ತೋರುಬೆರಳನ್ನು ನೇರ ಮಾಡಿ, ಅದರಲ್ಲಿರುವ ಬೆಳ್ಳಿ ಉಂಗುರ ಬಿಸಿಲಿಗೆ ಹೊಳೆಯುವ ಹಾಗೆ ಚಾಚಿ, "ಅಗೋ, ಅಲ್ಲೇ" ಎಂದರೆ ಮುಗಿಯಿತು. ಗಿರಿನಗರಕ್ಕೆ ಹೋಗಬೇಕಾದವರು ಆ ಬೆರಳನ್ನು ನಂಬಿ ಉತ್ತರಹಳ್ಳಿ ತಲುಪಿದ್ದುಂಟು. ಆದರೆ ಹೇಳಿದ ಗತ್ತು ಎಂಥದೆಂದರೆ, ಉತ್ತರಹಳ್ಳಿಯಲ್ಲಿ ನಿಂತವನು ಗಿರಿನಗರದ ಮೇಲೆ ಸಂಶಯಪಟ್ಟನೇ ಹೊರತು ಪರಮಶಿವಯ್ಯನವರ ಮೇಲೆ ಅಲ್ಲ. ನಾನು ಅವರ ಎದುರುಮನೆಯವನು. ಆ ಬೆರಳು ತೋರಿಸಿದ ಕಡೆಗೆಲ್ಲ ಹೋಗಿ, ಕೇಳಿಕೊಂಡು ವಾಪಸು ಬಂದು ಅಭ್ಯಾಸವಾದವನು.

ಅವರ ಒಬ್ಬಳೇ ಮಗಳು ಹಂಸಾಳ ಮದುವೆ ನಿಶ್ಚಯವಾಯಿತು. ಹುಡುಗ ಚನ್ನವೀರ, ಗದಗದ ಕಡೆಯವನು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ವಿಮೆ ಆಫೀಸಿನಲ್ಲಿ ಕೆಲಸ. ಮದುವೆಗೆ ವಿಡಿಯೋ ತೆಗೆಯುವುದಕ್ಕೆ ನಮ್ಮ ಬಸ್ ಸ್ಟಾಪಿನ ಹತ್ತಿರ ಸ್ಟುಡಿಯೋ ಇಟ್ಟಿರುವ ವಿಷ್ಣುವನ್ನು ಗೊತ್ತುಮಾಡಿದರು. ಮಾತುಕತೆಗೆ ನಾನೂ ಹೋಗಿದ್ದೆ.

"ಸಾರ್, ಡಿವಿಡಿ ಕೊಡ್ಲಾ, ಬ್ಲೂ-ರೇ ಕೊಡ್ಲಾ?" ಎಂದ ವಿಷ್ಣು.

ಬ್ಲೂ-ರೇ ಎಂಬ ಪದ ಪರಮಶಿವಯ್ಯನವರ ಕಿವಿಗೆ ಬಿದ್ದದ್ದು ಆಗಲೇ ಮೊದಲು. ಅವರು ಒಮ್ಮೆ ಗೋಡೆಯ ಮೇಲಿನ ಮದುಮಕ್ಕಳ ಫೋಟೋಗಳನ್ನು ನೋಡಿದರು. ಒಮ್ಮೆ ನನ್ನನ್ನು ನೋಡಿದರು.

"ಡಿವಿಡಿ ಈಗ ಯಾರು ತಗೋತಾರೆ ವಿಷ್ಣು?"

"ಅದೇ ಸಾರ್. ದೊಡ್ಡೋರೆಲ್ಲ ಬ್ಲೂ-ರೇನೇ ಕೇಳೋದು. ಹೈ ಡೆಫಿನಿಷನ್. ಹುಡುಗಿ ಕೆನ್ನೆ ಮೇಲಿನ ಅರಿಶಿನದ ಪುಡಿ ಎಣಿಸ್ಬೋದು. ಪ್ಲೇಯರ್ ಇದೆ ತಾನೆ ಸಾರ್ ಮನೇಲಿ?"

"ಇದೇನು ಕೇಳೋ ಪ್ರಶ್ನೇನಾ?" ಎಂದರು ಪರಮಶಿವಯ್ಯ.

ನ್ಯಾಯವಾಗಿ ನೋಡಿದರೆ ಇದು ಸುಳ್ಳಲ್ಲ. ಆದರೆ ಮುಂದೆ ನಡೆದದ್ದಕ್ಕೆಲ್ಲ ಈ ಒಂದು ವಾಕ್ಯವೇ ತಾಯಿಬೇರು.

ಮದುವೆ ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ ಚೆನ್ನಾಗಿ ನಡೆಯಿತು. ಕೆಳಗಿನ ಹಾಲಿನಲ್ಲಿ ನಮ್ಮದು, ಮೇಲಿನ ಹಾಲಿನಲ್ಲಿ ಯಾರದೋ. ಆಮೇಲೆ ಡಿಸ್ಕು ಬಂತು, ತಿಳಿನೀಲಿ ಡಬ್ಬಿಯಲ್ಲಿ. ಪರಮಶಿವಯ್ಯನವರು ಅದನ್ನು ಮನೆಯ ಹಳೆಯ ಡಿವಿಡಿ ಪ್ಲೇಯರಿಗೆ ಹಾಕಿದರು. ಪ್ಲೇಯರು ಕೊರಕೊರ ಎಂದು ಸ್ವಲ್ಪ ಹೊತ್ತು ಯೋಚಿಸಿ "ನೋ ಡಿಸ್ಕ್" ಎಂದು ತೋರಿಸಿತು. ತಟ್ಟೆಯ ಮೇಲೆ ಡಿಸ್ಕು ಕಣ್ಣಿಗೆ ಕಾಣುವಂತೆ ಬಿದ್ದಿದೆ, ಯಂತ್ರ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುತ್ತಿದೆ. ಅವರು ಡಿಸ್ಕನ್ನು ಪೂಜೆಯ ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ತಿರುವಿಹಾಕಿದರು. ಕೊನೆಗೆ ಪ್ಲೇಯರಿನ ತಲೆಗೆ ಎರಡು ತಟ್ಟಿದರು. ಅದು ತನ್ನ ಮಾತಿಗೆ ಗಟ್ಟಿಯಾಗಿ ನಿಂತಿತು.

ಆವತ್ತಿನಿಂದ ಡಿಸ್ಕು ಹಜಾರದ ಶೋಕೇಸಿನಲ್ಲಿ, ಗಂಧದ ಆನೆಯ ಪಕ್ಕದಲ್ಲಿ ಕೂತಿತು. ಮನೆಗೆ ಬಂದವರಿಗೆಲ್ಲ ಅದರ ದರ್ಶನ ಉಂಟು, ಪ್ರದರ್ಶನ ಇಲ್ಲ. ಹಾಕಿ ತೋರಿಸಿ ಎಂದವರಿಗೆ, "ಹೈ ಡೆಫಿನಿಷನ್ನು ಹಾಗೆಲ್ಲ ಬೇಕೆಂದಾಗ ನೋಡೋದಲ್ಲ. ಕಣ್ಣಿಗೆ ಶ್ರಮ" ಎನ್ನುತ್ತಿದ್ದರು. ಅವರ ಹೆಂಡತಿ ಅಮ್ಮಣ್ಣಿಯವರು ಮಾತ್ರ ಶೋಕೇಸಿನ ಧೂಳು ಒರೆಸುವಾಗೆಲ್ಲ ಒಂದು ಮಾತು ಹೇಳುತ್ತಿದ್ದರು: "ಮದುವೆ ದಿನ ನಾನು ಕಂಡಿದ್ದು ಉಗ್ರಾಣದ ಬೀಗದಕೈ ಒಂದೇ. ಇದರಲ್ಲಾದ್ರೂ ಮಗಳನ್ನ ನೋಡೋಣ ಅಂದ್ರೆ, ಇದಕ್ಕೂ ಬೀಗ ಹಾಕ್ಕೊಂಡು ಕೂತಿದ್ದಾರೆ."

ಹೀಗೆ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಒಂದು ಶುಕ್ರವಾರ ಸಂಜೆ ಹಂಸಾಳ ಫೋನು ಬಂತು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಪರಮಶಿವಯ್ಯನವರು ಯಾವ ಫೋನನ್ನೂ ಗುಟ್ಟಾಗಿ ಮಾತನಾಡುವುದಿಲ್ಲ, ಸ್ಪೀಕರಿಗೇ ಹಾಕುತ್ತಾರೆ.

"ಅಪ್ಪ, ಅಜ್ಜಿ ಇನ್ನೂ ಅದನ್ನೇ ಹೇಳ್ತಿದಾರೆ. ಮದುವೇಲಿ ಅವರಿಗೆ ಉಡಿ ತುಂಬಲಿಲ್ವಂತೆ."

ಅಜ್ಜಿಯೆಂದರೆ ಚನ್ನವೀರನ ಅಜ್ಜಿ ಮುರಿಗೆವ್ವ. ಊರಿನಿಂದ ಬಂದು ಮೊಮ್ಮಗನ ಮನೆಯಲ್ಲಿದ್ದರು. ನಮ್ಮ ಕಡೆ ಮಡಿಲು ತುಂಬುವುದು ಅನ್ನುತ್ತೇವೆ, ಅವರ ಕಡೆ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ, ಬೆಲ್ಲ, ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಸೆರಗಿಗೆ ಬೀಳುವುದು ಎರಡರಲ್ಲೂ ಒಂದೇ. ಆದರೆ ಮದುವೆಯಲ್ಲಿ ಬೀಗರ ಮನೆಯ ಹಿರಿಯ ಮುತ್ತೈದೆಗೆ ಅದು ತಪ್ಪಿತೆಂದರೆ, ಅವರ ಕಡೆ ಆ ಮಾತು ಮೂರು ತಲೆಮಾರು ಬಾಳುತ್ತದೆ.

"ಭಾನುವಾರ ರಾತ್ರಿ ರೈಲಿಗೆ ಅಜ್ಜಿ ಊರಿಗೆ ಹೊರಟಿದಾರೆ ಅಪ್ಪ. ಮದುವೆ ಆದ್ಮೇಲೆ ನನ್ನ ಮೊದಲನೇ ನಾಗರಪಂಚಮಿ ಬರ್ತಾ ಇದೆ. ತೌರಿಗೆ ಕಳಿಸೋ ಮಾತು ಅವರೇ ಎತ್ತಬೇಕು, ಎತ್ತಾನೇ ಇಲ್ಲ. ಉಡಿ ತುಂಬದ ಮನೆಗೆ ಹೆಂಗೆ ಕಳಸಲಿ ಅಂತಾರೆ."

"ತುಂಬಿದೀವಿ. ನಿಮ್ಮಮ್ಮನಿಗೆ ಆಯಮ್ಮನ್ನ ಕೈ ಮಾಡಿ ತೋರಿಸಿ, ಪಕ್ಕದಲ್ಲಿ ನಿಂತು ತುಂಬಿಸಿದವನು ನಾನು."

"ಆಯ್ತಪ್ಪ, ತುಂಬಿರ್ತೀರಿ. ಆದ್ರೂ ದೊಡ್ಡೋರು. ಒಂದು ಸಲ 'ತಪ್ಪಾಯ್ತು, ಬನ್ನಿ, ಇನ್ನೊಂದ್ಸಲ ತುಂಬ್ತೀವಿ' ಅಂದ್ಬಿಡಿ. ಮುಗಿದುಹೋಗುತ್ತೆ."

"ಮಾಡದೇ ಇರೋ ತಪ್ಪಿಗಾ? ಹಂಸಾ, ನಮ್ಮ ಹತ್ರ ಬ್ಲೂ-ರೇ ಇದೆ. ಫೋನ್ ಕೊಡು ಅವರಿಗೆ."

ಅಮ್ಮಣ್ಣಿಯವರು ಬೇಡ ಎಂದು ಕೈಯಾಡಿಸಿದರು. ನಾನೂ ಲೋಟದ ಹಿಂದಿನಿಂದ ಬೇಡ ಎಂದೆ. ಅಷ್ಟರಲ್ಲಿ ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಹಾಂ, ಹೇಳ್ರಿ ಬೀಗರ."

"ಅಮ್ಮಾ, ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ. ನಿಮ್ಮ ಉಡಿ ತುಂಬಿದ್ದು ಹೈ ಡೆಫಿನಿಷನ್ನಲ್ಲಿದೆ. ಒಂದೊಂದು ಅಕ್ಕಿಕಾಳು ಕಾಣುತ್ತೆ."

"ಅಕ್ಕಿಕಾಳ ಕಟಗೊಂಡು ನನಗೇನ್ರಿ. ನಾ ಕಾಣತೀನೇನು?"

"ನಿಮ್ಮ ಮೂಗುತಿ ಹೊಳೆಯೋದು ಕಾಣುತ್ತೆ."

"ಹಂಗಾರ ಬರತೀನಿ. ನಾ ಕಂಡ್ನೆಂದ್ರ ನಿಮ್ಮ ಮಗಳನ್ನ ಪಂಚಮಿಗೆ ನಾನ ಕಳಸತೀನಿ, ಡಬ್ಬಿ ತುಂಬ ಉಂಡಿ ಕಟ್ಟಿಸಿ. ಕಾಣಲಿಲ್ಲಂದ್ರ ಆಮ್ಯಾಲ ಮಾತಾಡೂಣು."

ಫೋನು ಕೆಳಗಿಟ್ಟ ಪರಮಶಿವಯ್ಯನವರು ಗೆದ್ದವರ ನಗೆ ನಕ್ಕರು. ಅಮ್ಮಣ್ಣಿಯವರು ಕೇಳಿದರು: "ತೋರಿಸೋದು ಯಾವುದರಲ್ಲಿ?"

ನಗೆ ಅರ್ಧಕ್ಕೆ ನಿಂತಿತು.

ನಾನು ವಿಷ್ಣುವಿಗೆ ಫೋನು ಮಾಡಿದೆ, ಒಂದು ಡಿವಿಡಿ ಮಾಡಿಕೊಡಲಿ ಎಂದು. "ಅಯ್ಯೋ ಸಾರ್, ನಮ್ಮ ಕಂಪ್ಯೂಟರಲ್ಲಿ ಜಾಗ ಇರಲ್ಲ, ಹಳೇ ಮದುವೆ ಅಳಿಸಿ ಹೊಸ ಮದುವೆ ಹಾಕ್ತೀವಿ. ಅವರ ಹತ್ರ ಬ್ಲೂ-ರೇ ಇದೆಯಲ್ಲ, ಇನ್ನೇನು ಭಯ?" ಎಂದ. ಹೀಗೆ ಇಡೀ ಮದುವೆ ಈಗ ಜಗತ್ತಿನಲ್ಲಿ ಉಳಿದಿದ್ದದ್ದು ಗಂಧದ ಆನೆಯ ಪಕ್ಕದಲ್ಲಿ ಮಾತ್ರ.

ಶನಿವಾರ ಬೆಳಿಗ್ಗೆ ಪ್ಲೇಯರು ಕೊಳ್ಳುವುದಕ್ಕೆ ಹೊರಟೆವು. ಬಾಗಿಲಲ್ಲೇ ಅಮ್ಮಣ್ಣಿಯವರು ತಡೆದರು.

"ಶನಿವಾರ ಕಬ್ಬಿಣ ಮನೆಗೆ ತರೋ ಹಾಗಿಲ್ಲ."

"ಅದು ಕಬ್ಬಿಣ ಅಲ್ಲ ಕಣೆ, ಎಲೆಕ್ಟ್ರಾನಿಕ್ಸು."

"ಮೇಲಿನ ತಗಡು ಯಾವುದರದು?"

ಪರಮಶಿವಯ್ಯನವರಿಗೆ ಎಲ್ಲ ಗೊತ್ತಿದ್ದರೂ ತಗಡಿನ ವಿಷಯದಲ್ಲಿ ಹೆಂಡತಿಗೆ ಎದುರಾಡುವ ಧೈರ್ಯವಿರಲಿಲ್ಲ. ಶನಿವಾರ ಕೊಂಡು, ರಾತ್ರಿ ನನ್ನ ಮನೆಯಲ್ಲಿ ಇಟ್ಟು, ಭಾನುವಾರ ಬೆಳಿಗ್ಗೆ ಅವರ ಮನೆಗೆ ತುಂಬಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಶನಿವಾರದ ಕಬ್ಬಿಣದಿಂದ ನನ್ನ ಮನೆಗೆ ಏನಾಗಬಹುದೆಂಬುದು ಚರ್ಚೆಗೆ ಬರಲಿಲ್ಲ.

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ನಮ್ಮನ್ನು ಎದುರುಗೊಂಡವನು ಕಿಟ್ಟಿ. ದುಂಡಗಿನ ಮನುಷ್ಯ, ಅಂಗಡಿಯ ಟೀ ಶರ್ಟು ಹೊಟ್ಟೆಯ ಮೇಲೆ ಕಷ್ಟಪಟ್ಟು ನಿಂತಿತ್ತು.

"ಡಿಸ್ಕ್ ಪ್ಲೇಯರಾ ಸಾರ್?" ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡ. "ಕೂತ್ಕೊಳ್ಳಿ ಸಾರ್. ನೀರು ತರಿಸ್ಲಾ? ಈಗ ಯಾರು ಸಾರ್ ಕೇಳ್ತಾರೆ. ಜನ ಫೋನಲ್ಲೇ ನೋಡ್ತಾರೆ, ಫೋನಲ್ಲೇ ಅಳ್ತಾರೆ."

ಮೂಲೆಯಿಂದ ಮೂರು ಪ್ಲೇಯರುಗಳನ್ನು ತಂದು, ಧೂಳು ಊದಿ, ಸಾಲಾಗಿ ಇಟ್ಟ. "ಇದು ಸಾದಾ ಬ್ಲೂ-ರೇ. ಇದು ತ್ರೀಡಿ. ಇದರಲ್ಲಿ ವೈಫೈ ಇದೆ."

"ವ್ಯತ್ಯಾಸ ನನಗೆ ಗೊತ್ತು. ಇವರಿಗೆ ಸ್ವಲ್ಪ ಬಿಡಿಸಿ ಹೇಳಿ" ಎಂದು ಪರಮಶಿವಯ್ಯನವರು ನನ್ನ ಕಡೆಗೆ ಬೆರಳು ತೋರಿಸಿದರು. ಕಿಟ್ಟಿ ನನ್ನನ್ನು ಕನಿಕರದಿಂದ ನೋಡಿ ಶುರುಮಾಡಿದ.

"ಸಾರ್, ಡಿವಿಡಿ ಓದೋದು ಕೆಂಪು ಕಿರಣ. ಅದು ದಪ್ಪ. ಬ್ಲೂ-ರೇ ಓದೋದು ನೀಲಿ ಕಿರಣ, ಸಣ್ಣ. ಡಿಸ್ಕ್ ಎರಡೂ ಒಂದೇ ಅಳತೆ. ಈಗ ನಿಮ್ಮನೆ ಅಂಗಳ ಇದೆ ಅಂದ್ಕೊಳ್ಳಿ. ದಪ್ಪ ಎಳೆ ಬಿಡೋರು ರಂಗೋಲಿ ಹಾಕಿದ್ರೆ ಒಂದು ತಾವರೆ ಹಿಡಿಸುತ್ತೆ. ಸಣ್ಣ ಎಳೆ ಬಿಡೋರು ಅದೇ ಅಂಗಳದಲ್ಲಿ ನವಿಲು, ಬಳ್ಳಿ, ಇಡೀ ತೋಟ ಬಿಡಿಸ್ತಾರೆ. ಅಷ್ಟೇ ಹೈ ಡೆಫಿನಿಷನ್."

"ಮತ್ತೆ ಹಳೇ ಪ್ಲೇಯರು ಡಿಸ್ಕೇ ಇಲ್ಲ ಅನ್ನುತ್ತಲ್ಲ" ಎಂದವರು ಪರಮಶಿವಯ್ಯ. ಕೂಡಲೇ, "ಅಂತ ಇವರು ಕೇಳ್ತಿದ್ರು" ಎಂದು ಸೇರಿಸಿದರು.

"ಅದಕ್ಕೆ ಆ ಸಣ್ಣ ಎಳೆ ಕಾಣಲ್ಲ ಸಾರ್. ಕನ್ನಡಕ ಮರೆತ ಮೇಷ್ಟ್ರು ಉತ್ತರಪತ್ರಿಕೆ ಖಾಲಿ ಇದೆ ಅಂತ ಸೊನ್ನೆ ಕೊಟ್ಟ ಹಾಗೆ. ಇದು ಹೊಸ ಕಣ್ಣು. ಸಣ್ಣದನ್ನೂ ಓದುತ್ತೆ, ನಿಮ್ಮ ಹಳೇ ಡಿವಿಡಿನೂ ಓದುತ್ತೆ. ತ್ರೀಡಿ ತಗೊಳ್ಳಿ ಸಾರ್, ಕನ್ನಡಕ ಹಾಕ್ಕೊಂಡ್ರೆ ನೆಂಟರೆಲ್ಲ ಎದ್ದು ಮುಂದೆ ಬಂದು ನಿಲ್ತಾರೆ."

"ಬೇಡ. ನೆಂಟರು ನಾಳೆ ಹೇಗೂ ಬಂದು ನಿಲ್ತಾರೆ."

"ವೈಫೈ?"

"ನಮ್ಮನೆಯೋರು ಅದೆಲ್ಲ ಒಪ್ಪಲ್ಲ."

ಆಗ ಪೆಟ್ಟಿಗೆಯ ಮೇಲೆ ರೀಜನ್ ಸಿ ಎಂದು ಬರೆದದ್ದು ಪರಮಶಿವಯ್ಯನವರ ಕಣ್ಣಿಗೆ ಬಿತ್ತು. ಇದನ್ನೂ ಇವರಿಗೆ ಬಿಡಿಸಿ ಹೇಳಿ ಎಂದರು. ಪ್ರಪಂಚವನ್ನು ಎ, ಬಿ, ಸಿ ಎಂದು ಭಾಗ ಮಾಡಿದ್ದಾರೆ, ಅಂಗಡಿಯಲ್ಲಿ ಕೊಳ್ಳುವ ಸಿನಿಮಾ ಡಿಸ್ಕು ಯಾವ ಭಾಗದ್ದೋ ಆ ಭಾಗದ ಪ್ಲೇಯರಿನಲ್ಲಿ ಮಾತ್ರ ನಡೆಯುತ್ತದೆ ಎಂದು ಕಿಟ್ಟಿ ನನಗೆ ಹೇಳಿದ. ಪರಮಶಿವಯ್ಯನವರ ಹುಬ್ಬು ಗಂಟಾಯಿತು.

"ಮದುವೆ ಆಗಿದ್ದು ಬನಶಂಕರಿ. ಬೀಗರು ಬಿಟಿಎಂ ಲೇಔಟು. ಎರಡಕ್ಕೂ ಸಿ ಆಗುತ್ತಾ?"

"ಮದುವೆ ಡಿಸ್ಕಿಗೆ ರೀಜನ್ನೇ ಇರಲ್ಲ ಸಾರ್. ಇದ್ರೂ ಇಡೀ ಇಂಡಿಯಾ ಸಿ."

"ಗದಗ?"

"ಗದಗ ಇಂಡಿಯಾನೇ ಸಾರ್."

ಇಷ್ಟಾದ ಮೇಲೆ ಆಯ್ಕೆ. ಪರಮಶಿವಯ್ಯನವರು ಒಂದೊಂದನ್ನೂ ಎತ್ತಿ ಕೈಯಲ್ಲಿ ತೂಗಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತೆಂಗಿನಕಾಯಿಗೆ ಮಾಡುವಂತೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡಿದರು. ಸಾದಾ ಪ್ಲೇಯರಿನ ನಾದ ಅವರಿಗೆ ಹಿಡಿಸಿತು. "ಇದು ಬಲಿತಿದೆ" ಎಂದರು. ಇಷ್ಟು ವರ್ಷದ ಸೇವೆಯಲ್ಲಿ ಪ್ಲೇಯರು ಬಲಿತದ್ದನ್ನು ಕಿಟ್ಟಿ ಕಂಡಿರಲಿಲ್ಲ, ಆದರೆ ತಲೆದೂಗಿದ.

"ಎಚ್‌ಡಿಎಂಐ ಕೇಬಲ್ ಬೇಕಾ ಸಾರ್? ಬಾಕ್ಸಲ್ಲಿ ಬರಲ್ಲ."

"ಇದೆ ಮನೇಲಿ."

ಅದೇನೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಕೇಬಲ್ ಎಂದ ಮೇಲೆ ಅದು ವೈರು, ವೈರು ಅವರ ಅಟ್ಟದ ಮೇಲೆ ಒಂದು ಗೋಣಿಚೀಲದ ತುಂಬ ಇತ್ತು.

ಭಾನುವಾರ ಪರಮಶಿವಯ್ಯನವರ ಹಜಾರ ಚಿಕ್ಕ ಮದುವೆಮನೆಯಾಗಿತ್ತು. ಅವರು ಬೀದಿಗೆಲ್ಲ ಹೇಳಿಬಂದಿದ್ದರು. ಮೂಲೆಮನೆಯ ಭೀಮಪ್ಪನವರು ಹೆಂಡತಿ ಸಮೇತ ಮುಂದಿನ ಸೋಫಾ ಹಿಡಿದಿದ್ದರು. ಹೊಸ ಪ್ಲೇಯರಿಗೆ ಕುಂಕುಮ ಇಟ್ಟು ಒಂದು ಮಲ್ಲಿಗೆ ಹೂ ಏರಿಸಿದ್ದರು. ಚನ್ನವೀರ, ಹಂಸಾ, ಅವರ ಹಿಂದೆ ಹಸಿರು ಇಳಕಲ್ ಸೀರೆಯಲ್ಲಿ ಮುರಿಗೆವ್ವ ಬಂದರು. ತೆಳ್ಳಗಿನ ಮುದುಕಿ, ಬೆನ್ನು ಮಾತ್ರ ನೆಟ್ಟಗೆ. ಅಮ್ಮಣ್ಣಿಯವರು ಕಾಲಿಗೆ ನೀರು ಕೊಟ್ಟು ಅವರ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು.

ಮುರಿಗೆವ್ವ ಪಾನಕದ ಲೋಟವನ್ನು ಮುಟ್ಟಲಿಲ್ಲ. "ಮೊದಲ ನೋಡೂಣು. ಆಮ್ಯಾಲ ಕುಡಿಯೂಣು" ಎಂದರು.

ಹಂಸಾ ತಾಯಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

ಗೋಣಿಚೀಲದಲ್ಲಿ ಎಲ್ಲ ಬಗೆಯ ವೈರುಗಳೂ ಇದ್ದವು, ಪ್ಲೇಯರಿನ ಹಿಂದಿನ ಚಪ್ಪಟೆ ಬಾಯಿಗೆ ಹಿಡಿಯುವ ವೈರು ಇರಲಿಲ್ಲ. ಆದರೆ ಪಕ್ಕದಲ್ಲೇ ಹಳದಿ, ಕೆಂಪು, ಬಿಳಿಯ ಹಳೆಯ ತೂತುಗಳೂ ಇದ್ದವು. ಮೂರು ಬಣ್ಣದ ಹಳೆಯ ವೈರನ್ನೇ ಸಿಕ್ಕಿಸಿದೆವು. ಯಂತ್ರ ತುಂಬ ಹೊತ್ತು ಯೋಚಿಸಿತು. ಆಮೇಲೆ ಓಲಗ ಕೇಳಿತು, ಹಜಾರದಲ್ಲಿ ಒಂದು ನಿಟ್ಟುಸಿರು ಎದ್ದಿತು. ಅಮ್ಮಣ್ಣಿಯವರು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, ಮಗಳು ಮಂಟಪಕ್ಕೆ ಬರುವುದನ್ನು ನೋಡಿ ಅಲ್ಲೇ ನಿಂತುಬಿಟ್ಟರು.

ಮದುವೆಯ ವಿಡಿಯೋದಲ್ಲಿ ಮದುಮಕ್ಕಳನ್ನು ನೋಡುವವರು ತಾಯಿತಂದೆ ಮಾತ್ರ. ಉಳಿದವರು ನೋಡುವುದು ತಮ್ಮನ್ನು. "ಅದು ನಾನಾ?" "ನನ್ನ ಸೀರೆ ಅಲ್ವಾ ಅದು?" ಎಂಬ ಮಾತುಗಳು ಎಲ್ಲ ಕಡೆಯಿಂದ ಬಂದವು. ಚಿತ್ರ ಸ್ವಲ್ಪ ಮಬ್ಬಾಗಿತ್ತಾದ್ದರಿಂದ ಒಂದೊಂದು ಮುಖಕ್ಕೆ ಇಬ್ಬಿಬ್ಬರು ಹಕ್ಕುದಾರರಾದರು. ಊಟದ ಪಂಕ್ತಿ ಬಂದಾಗ ಭೀಮಪ್ಪನವರ ಹೆಂಡತಿ ಮುಂದಕ್ಕೆ ಬಾಗಿದರು.

"ಏನ್ರೀ ಅದು ನಿಮ್ಮ ಎಲೇಲಿ? ಶುಗರ್ ಇಟ್ಕೊಂಡು ಹೋಳಿಗೆ ತಿಂತಿದೀರಾ?"

"ಚಪಾತಿ ಕಣೆ. ಡಾಕ್ಟ್ರು ಹೇಳಿದ್ರಲ್ಲ ಅಂತ ಚಪಾತಿ ಕೇಳಿ ಹಾಕಿಸ್ಕೊಂಡೆ" ಎಂದರು ಭೀಮಪ್ಪ. ಮಬ್ಬಿನಲ್ಲಿ ಅದು ಚಪಾತಿಯೂ ಆಗಬಹುದಿತ್ತು.

ಪರಮಶಿವಯ್ಯನವರು ರಿಮೋಟು ಒತ್ತಿ ಹಿಂದಕ್ಕೆ ಹೋಗಿ ಉಡಿ ತುಂಬುವ ಭಾಗಕ್ಕೆ ಬಂದರು. ಪರದೆಯ ಮೇಲೆ ಹಸಿರು ಸೀರೆಯ ಮುದುಕಿಯೊಬ್ಬರು ಸೆರಗು ಒಡ್ಡಿದ್ದರು, ಅಮ್ಮಣ್ಣಿಯವರು ಅಕ್ಕಿ ಸುರಿಯುತ್ತಿದ್ದರು. ಮುಖವಿರಬೇಕಾದ ಕಡೆ ಗೋಧಿಬಣ್ಣದ ಒಂದು ಕಲೆ.

"ಅಗೋ, ಅಲ್ಲೇ" ಎಂದರು ಪರಮಶಿವಯ್ಯ, ಬೆರಳು ಚಾಚಿ.

ಮುರಿಗೆವ್ವ ಎದ್ದು ಟಿವಿಯ ಹತ್ತಿರ ಹೋಗಿ ನೋಡಿದರು. ಹಿಂದೆ ಸರಿದು ನೋಡಿದರು. "ಹಸರ ಸೀರಿ ಹೌದು. ಇಳಕಲ್ಲ ಹೌದು" ಎಂದರು. ಆಮೇಲೆ ಮೆಲ್ಲಗೆ, "ಹಂಗಾರ ತುಂಬ್ಯಾರ. ನನಗ ಮರವು ಆಗಿರಬೇಕು. ಅಷ್ಟು ಮಂದ್ಯಾಗ, ಈ ವಯಸ್ಸಿನ್ಯಾಗ" ಎಂದು ಬಂದು ಕೂತರು. ಪಾನಕದ ಲೋಟ ಕೈಗೆತ್ತಿಕೊಂಡರು. "ಆತು ಬಿಡ್ರಿ. ಪಂಚಮಿಗೆ ಹುಡುಗಿನ್ನ ಕಳಸತೀನಿ."

ಹಂಸಾ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಟ್ಟಳು. ಅಮ್ಮಣ್ಣಿಯವರು "ಏಳಿ ಎಲ್ಲ, ಎಲೆ ಹಾಕ್ತೀನಿ" ಎಂದರು. ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಬೇರೆ ಯಾರ ಮನೆಯಲ್ಲಾದರೂ ಮುಗಿಯುತ್ತಿತ್ತು.

ಆದರೆ ಭೀಮಪ್ಪನವರು ಎದ್ದು ಪಂಚೆ ಸರಿಮಾಡಿಕೊಳ್ಳುತ್ತಾ ಒಂದು ಮಾತು ಅಂದರು: "ಏನ್ರೀ ಪರಮಶಿವಯ್ಯ, ಇದಕ್ಕಾ ಇಷ್ಟು ದಿನ ಶೋಕೇಸು? ನಮ್ಮನೆ ಡಿವಿಡಿನೂ ಹೀಗೇ ಕಾಣುತ್ತೆ."

ಪರಮಶಿವಯ್ಯನವರ ಮುಖ ಕೆಂಪಾಯಿತು. "ಯಾರೂ ಏಳ್ಬೇಡಿ. ಇದು ವೈರಿನ ದೋಷ. ಬ್ಲೂ-ರೇ ಅಂದ್ರೇನು ಅಂತ ಈಗ ತೋರಿಸ್ತೀನಿ."

"ಅನ್ನ ಆರುತ್ತೆ" ಎಂದರು ಅಮ್ಮಣ್ಣಿ.

"ಅಪ್ಪ, ಸಾಕು" ಎಂದಳು ಹಂಸಾ.

"ಬೀಗರು ಅರ್ಧಂಬರ್ಧ ನಂಬಿಕೊಂಡು ಊರಿಗೆ ಹೋಗಬಾರದು" ಎಂದು ಪರಮಶಿವಯ್ಯನವರು ನನ್ನ ಕಡೆ ತಿರುಗಿದರು. "ನಿಮ್ಮ ಸೆಟ್ ಟಾಪ್ ಬಾಕ್ಸಿಗೆ ಚಪ್ಪಟೆ ಮೂತಿ ವೈರಿದೆಯಲ್ಲ, ಅದನ್ನ ತನ್ನಿ."

ನಾನು ಇಲ್ಲ ಅನ್ನಬಹುದಾಗಿತ್ತು. ಆದರೆ ನಿಜ ಹೇಳಬೇಕೆಂದರೆ ಹೈ ಡೆಫಿನಿಷನ್ನಿನಲ್ಲಿ ನಾನು ಹೇಗೆ ಕಾಣುತ್ತೇನೆಂದು ನೋಡುವ ಆಸೆ ನನಗೂ ಇತ್ತು. ನಮ್ಮ ಮನೆಯಲ್ಲಿ ಧಾರಾವಾಹಿ ನಡೆಯುತ್ತಿರುವಾಗಲೇ ಟಿವಿಯ ಹಿಂದೆ ಕೈ ಹಾಕಿ ಕೇಬಲ್ಲು ಕಿತ್ತು ತಂದೆ. ಅದರ ಪರಿಣಾಮ ಬೇರೆಯೇ ಕಥೆ.

ಕೇಬಲ್ಲು ಸಿಕ್ಕಿಸಿದ ಕೂಡಲೇ ಹಜಾರದಲ್ಲಿ ಯಾರೋ ಕಿಟಕಿ ತೆರೆದ ಹಾಗಾಯಿತು. ಕಂಬಕ್ಕೆ ಸುತ್ತಿದ ಹೂವಿನ ಎಸಳು ಎಸಳೂ ಬೇರೆ ಬೇರೆ. ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿದ್ದರಿಂದ ಚಿತ್ರ ಊಟದ ಪಂಕ್ತಿಯಿಂದ ಶುರುವಾಯಿತು. ಭೀಮಪ್ಪನವರ ಎಲೆ ಟಿವಿಯ ತುಂಬ ಬಂತು. ಅದರ ಮೇಲೆ ಮಡಿಸಿದ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ತುಪ್ಪದಲ್ಲಿ ಸೀಲಿಂಗ್ ಫ್ಯಾನಿನ ಬಿಂಬ.

"ಚಪಾತಿಗೆ ಹೂರಣ ತುಂಬ್ತಾರೇನ್ರೀ ಈಗ?" ಎಂದು ಕೇಳಿದರು ಅವರ ಹೆಂಡತಿ. ಭೀಮಪ್ಪನವರು ಕೂತರು.

"ನೋಡಿದ್ರಾ? ಇದು ಬ್ಲೂ-ರೇ" ಎಂದು ಪರಮಶಿವಯ್ಯನವರು ಉಡಿ ತುಂಬುವ ಭಾಗಕ್ಕೆ ಹೋದರು.

ಮೊದಲು ಕಂಡದ್ದು ಒಂದು ಬೆರಳು. ಬೆಳ್ಳಿ ಉಂಗುರದ ತೋರುಬೆರಳು, ಉಂಗುರದ ಕೆತ್ತನೆ ಸಮೇತ. ವಿಷ್ಣುವಿನ ಕ್ಯಾಮರಾ ಆ ಬೆರಳಿನ ಜಾಡು ಹಿಡಿದು ಸಾಗಿ ಹಸಿರು ಸೀರೆಯ ಮುದುಕಿಯ ಮುಖದ ಮೇಲೆ ನಿಂತಿತು. ದುಂಡು ಮುಖ. ದಪ್ಪ ಕನ್ನಡಕ. ಗದ್ದದ ಮೇಲೆ ಮೂರು ಹಚ್ಚೆಯ ಬೊಟ್ಟು. ತುಂಬು ಸಂತೋಷದ ನಗೆ.

ಹಜಾರದಲ್ಲಿ ಎಲ್ಲರೂ ಟಿವಿಯನ್ನು ನೋಡಿದರು, ಮುರಿಗೆವ್ವನ ತೆಳ್ಳಗಿನ ಮುಖವನ್ನು ನೋಡಿದರು, ಮತ್ತೆ ಟಿವಿಯನ್ನು ನೋಡಿದರು.

"ಯಾರಿವರು?" ಎಂದಳು ಹಂಸಾ.

"ನಮ್ಮ ಕಡಿಯವರಲ್ಲ" ಎಂದ ಚನ್ನವೀರ.

"ನಮ್ಮ ಕಡೆಯೋರೂ ಅಲ್ಲ" ಎಂದರು ಅಮ್ಮಣ್ಣಿ. "ಮೇಲಿನ ಹಾಲಿನ ಮದುವೆಯೋರಿರ್ಬೇಕು. ಇವರು ಬೆರಳು ತೋರಿಸಿದ್ರು, ನಾನು ತುಂಬಿದೆ."

ಪರಮಶಿವಯ್ಯನವರು ಚಿತ್ರವನ್ನು ಆರಿಸಲು ಹೋಗಿ ನಿಲ್ಲಿಸಿಬಿಟ್ಟರು. ಪರದೆ ಗಟ್ಟಿಯಾಗಿ ನಿಂತಿತು. ಆಗ ಹಿಂದಿನ ಸಾಲು ಕಂಡಿತು. ನಗುವ ಮುದುಕಿಯ ಭುಜದ ಆಚೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮುರಿಗೆವ್ವ ಕೂತಿದ್ದರು. ಅದೇ ಹಸಿರು ಸೀರೆ, ಅದೇ ನೆಟ್ಟನೆ ಬೆನ್ನು, ಹೊಳೆಯುವ ಮೂಗುತಿ. ಸೆರಗಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಒಡ್ಡಿಯೂ ಒಡ್ಡದ ಹಾಗೆ ತೊಡೆಯ ಮೇಲೆ ಹರಡಿಕೊಂಡು, ತಮ್ಮನ್ನು ಕರೆಯುತ್ತಾರೆಂದು ಕಾಯುತ್ತಿದ್ದರು.

ಮಬ್ಬಿನಲ್ಲಿ ಇದು ಕಂಡಿರಲಿಲ್ಲ. ಈಗ ಸೆರಗು ಹಿಡಿದ ಬೆರಳುಗಳನ್ನು ಎಣಿಸಬಹುದಿತ್ತು.

ಪರಮಶಿವಯ್ಯನವರು ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತಿದರು, ಬೇಕಾದ ಗುಂಡಿ ಸಿಗಲಿಲ್ಲ. ಕೊನೆಗೆ ರಿಮೋಟನ್ನು ಕೆಳಗಿಟ್ಟು, ತೋರುಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಮುರಿಗೆವ್ವನ ಮುಂದೆ ಹೋಗಿ ನಿಂತರು.

"ಅಮ್ಮಾ, ನೀವು ಮದುವೆಯ ಹಿಂದಿನ ದಿನ ತಾನೆ ಊರಿಂದ ಬಂದಿದ್ರಿ. ನಿಮ್ಮ ಮುಖ ನನಗೆ ಗೊತ್ತಿರಲಿಲ್ಲ. ಅಮ್ಮಣ್ಣಿ ಕೇಳಿದಾಗ..." ಎಂದು ಒಮ್ಮೆ ಹೆಂಡತಿಯ ಕಡೆ ನೋಡಿದರು. "ಗೊತ್ತಿಲ್ಲ ಅನ್ಬೇಕಾಗಿತ್ತು. ತಪ್ಪಾಯ್ತು."

ನಮ್ಮ ಅಡ್ಡರಸ್ತೆಯ ಚರಿತ್ರೆಯಲ್ಲಿ ಆ ಎರಡು ಮಾತುಗಳು ಒಂದೇ ದಿನ, ಒಂದೇ ಬಾಯಿಂದ ಬಂದದ್ದಕ್ಕೆ ನಾನು ಸಾಕ್ಷಿ.

ಮುರಿಗೆವ್ವ ಅವರನ್ನು ನೋಡುತ್ತಿರಲಿಲ್ಲ. ಟಿವಿಯನ್ನೇ ನೋಡುತ್ತಿದ್ದರು.

"ಆಕಿ ಮಾರಿ ನೋಡ್ರಿ, ಎಷ್ಟ ನಗಾಕತ್ತಾಳ" ಎಂದರು. "ಮ್ಯಾಲಿನ ಮದುವ್ಯಾಗ ಆಕಿನ್ನೂ ಯಾರೂ ಕರದಿರಲಿಕ್ಕಿಲ್ಲ, ಪಾಪ. ಆ ಕುಬಸ ಯಾವ ಬಣ್ಣದ್ದ ಕೊಟ್ಟಿದ್ರಿ?"

"ನೇರಳೆ" ಎಂದರು ಅಮ್ಮಣ್ಣಿ, ಸಣ್ಣ ದನಿಯಲ್ಲಿ.

"ದಡಿ ಛಲೋ ಐತಿ. ಎಲ್ಲಾ ಕಾಣತೈತಿ ಇದರಾಗ."

"ಅದೇ ಬಟ್ಟೆ ತಾನಿಂದು ಇನ್ನೊಂದು ಕಣ ಇದೆ."

"ಮತ್ತ ಇನ್ನೇನ ನೋಡತಿ? ನಾ ಅಂದಿನಿಂದ ಸೆರಗ ಹಿಡಕೊಂಡ ಕುಂತೀನಿ."

ಅಮ್ಮಣ್ಣಿಯವರು ಬೀರುವಿಗೆ ಓಡಿದರು, ಹಂಸಾ ಅಡುಗೆಮನೆಗೆ ಓಡಿದಳು. ಮೊರದಲ್ಲಿ ಅಕ್ಕಿ ಬಂತು, ಕೊಬ್ಬರಿ ಬಂತು. ಬೆಲ್ಲದ ಅಚ್ಚು ಸಿಗದೆ ಗಲಾಟೆಯಾಯಿತು. ಭೀಮಪ್ಪನವರ ಹೆಂಡತಿ ತಮ್ಮ ಮನೆಯಿಂದ ತಂದುಕೊಟ್ಟು, "ನಮ್ಮನೇಲಿ ಇದು ಇರಬಾರದ ವಸ್ತು" ಎಂದರು, ಗಂಡನನ್ನು ನೋಡಿ. ಮುರಿಗೆವ್ವ ನಿಂತು, ಟಿವಿಯಲ್ಲಿ ಹಿಡಿದಿದ್ದ ಹಾಗೆಯೇ ಎರಡು ಕೈಯಲ್ಲಿ ಸೆರಗು ಹಿಡಿದರು. ಈ ಸಲ ಪೂರ್ತಿಯಾಗಿ ಒಡ್ಡಿದರು.

ಚನ್ನವೀರ ಫೋನು ತೆಗೆದು ವಿಡಿಯೋ ಮಾಡಲು ಎತ್ತಿದ.

"ಇಡೋ ಅದನ್ನ ಕೆಳಗ" ಎಂದರು ಮುರಿಗೆವ್ವ. "ಉಡ್ಯಾಗ ಭಾರ ಬಿದ್ದದ್ದು ನನಗ ಗೊತ್ತಾಗತೈತಿ."

ಊಟವಾದ ಮೇಲೆ ಆಟೋ ಬಂತು. ಹಂಸಾಳಿಗೆ ಪಂಚಮಿಗೆ ಯಾವ ಯಾವ ಉಂಡಿ ಎಷ್ಟು ಕಟ್ಟಬೇಕೆಂಬ ಮಾತು ಎಲೆಯ ಮುಂದೆಯೇ ತೀರ್ಮಾನವಾಗಿತ್ತು. ಆಟೋದಲ್ಲಿ ಕೂತ ಮುರಿಗೆವ್ವ ಪರಮಶಿವಯ್ಯನವರನ್ನು ಹತ್ತಿರ ಕರೆದರು.

"ಬೀಗರ, ಮುಂದ ನಿಮ್ಮ ಮೊಮ್ಮಗನ ತೊಟ್ಟಲ ಕಾರ್ಯ ಬರತೈತಿ. ಆವಾಗ ಸಾದಾದ್ದ ತಗಸ್ರಿ. ಒಂಚೂರು ಮಬ್ಬ ಇರಲಿ. ಆ ಮನಷ್ಯಾ ಪಾಪ, ಒಂದ ಹೋಳಿಗಿ ತಿಂದದ್ದಕ್ಕ ಎಷ್ಟ ಬೈಸಿಕೊಂಡ."

ಈಗ ಶೋಕೇಸಿನಲ್ಲಿ ಗಂಧದ ಆನೆಯ ಪಕ್ಕದಲ್ಲಿ ಡಿಸ್ಕು ಇಲ್ಲ. ಅದು ಪ್ಲೇಯರಿನೊಳಗೇ ಇದೆ. ಅಮ್ಮಣ್ಣಿಯವರು ಮಧ್ಯಾಹ್ನ ಕೆಲಸ ಮುಗಿಸಿ, ಮಗಳು ಮಂಟಪಕ್ಕೆ ಬರುವ ತನಕ ಹಾಕಿಕೊಂಡು ನೋಡಿ ಆರಿಸುತ್ತಾರೆ. ಶೋಕೇಸಿನಲ್ಲಿರುವುದು ಅಚ್ಚುಕಟ್ಟಾಗಿ ಸುತ್ತಿಟ್ಟ ಹಳದಿ, ಕೆಂಪು, ಬಿಳಿಯ ವೈರು. ನನ್ನ ಕೇಬಲ್ಲು ಇನ್ನೂ ವಾಪಸು ಬಂದಿಲ್ಲ.

ಮೊನ್ನೆ ಇಬ್ಬರೂ ಗೇಟಿನ ಹತ್ತಿರ ನಿಂತಿದ್ದೆವು. ಸ್ಕೂಟರಿನಲ್ಲಿ ಬಂದವನೊಬ್ಬ, "ಅಂಕಲ್, ಗಿರಿನಗರಕ್ಕೆ ಹೇಗೆ ಹೋಗೋದು?" ಎಂದ. ಪರಮಶಿವಯ್ಯನವರ ಬೆರಳು ತಾನಾಗಿ ಎದ್ದಿತು, ಉಂಗುರ ಹೊಳೆಯಿತು. "ಅಗೋ, ಅಲ್ಲೇ" ಎಂದರು. ಆಮೇಲೆ ಬೆರಳನ್ನೇ ಒಂದು ಕ್ಷಣ ನೋಡಿದರು.

"ಆದ್ರೂ ಒಂದು ಮಾತು ಇವರನ್ನೂ ಕೇಳ್ಕೊಂಡು ಹೋಗಪ್ಪ" ಎಂದು ನನ್ನ ಕಡೆ ತಿರುಗಿಸಿದರು.